ನಾಲ್ಕು ತಿರುಪು, ಒಂದು ಹಳೇ ಅಚ್ಚು

ವರ್ಕ್‌ಶಾಪು, ಕಿಟಕಿ ಪಕ್ಕದ ಮೇಜು
ಮಾರ್ಚ್ 14, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಒಸಡಿನ ಊತ ಪೂರ್ತಿ ಇಳಿದಿದೆಯೇ? ಉಪ್ಪುನೀರು ಮುಕ್ಕಳಿಸುವುದನ್ನು ಬಿಟ್ಟಿಲ್ಲ ತಾನೆ? ಮಂಡಿನೋವಿನ ಎಣ್ಣೆಯನ್ನು ಇಲ್ಲೇ ಬಿಟ್ಟು ಹೋಗಿದ್ದೀಯ, ಮಂಚದ ಕೆಳಗೆ ಸಿಕ್ಕಿತು. ಅಲ್ಲಿ ಯಾರು ಹಚ್ಚುತ್ತಾರೋ, ಯಾವ ಎಣ್ಣೆ ಹಚ್ಚುತ್ತಾರೋ, ಎಡಮಂಡಿಗಿಂತ ಬಲಮಂಡಿಗೆ ಹೆಚ್ಚು ಹೊತ್ತು ಉಜ್ಜಬೇಕು ಎನ್ನುವುದು ಅವರಿಗೆ ಗೊತ್ತಿದೆಯೋ ಇಲ್ಲವೋ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಮಾಡಿದಾಗಲೆಲ್ಲ ಎತ್ತುವವಳು ನಿನ್ನ ಸೊಸೆ. ಮಾವ ಮಲಗಿದ್ದಾರೆ, ಮಾವ ಸೂಪು ಕುಡಿಯುತ್ತಿದ್ದಾರೆ, ಮಾವ ಮೊಮ್ಮಗಳ ಜೊತೆ ಪಾರ್ಕಿಗೆ ಹೋಗಿದ್ದಾರೆ ಎಂದು ವರದಿ ಒಪ್ಪಿಸುತ್ತಾಳೆ. ಕೆಳಗಿನ ಹಲ್ಲಿಲ್ಲದೆ ಮಾತಾಡಿದರೆ ಶಬ್ದ ಜಾರುತ್ತದೆಂದು ನಿನಗೆ ನಾಚಿಕೆಯಂತೆ. ಹಲ್ಲಿಲ್ಲದವರ ಮಾತು ಕೇಳಿಯೇ ಹೊಟ್ಟೆ ಹೊರೆದ ಮಗಳ ಹತ್ತಿರ ಎಂಥ ನಾಚಿಕೆ ಅಪ್ಪಾ? ಅವಳ ಹತ್ತಿರ ಇಲ್ಲದ ನಾಚಿಕೆ ನನ್ನ ಹತ್ತಿರ ಯಾಕೆ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೂ ನೀನೇ ಒಡೆಯುತ್ತೀಯ ಎಂದುಕೊಂಡಿದ್ದೇನೆ.

ಇಲ್ಲಿ ಎಲ್ಲ ಸರಿಯಾಗಿದೆ. ಹಲ್ಲುಸೆಟ್ಟು ಒತ್ತುವ ಪ್ರೆಸ್ಸಿನ ಹಿಡಿಕೆ ಮತ್ತೆ ಸಡಿಲವಾಗಿತ್ತು, ನಾನೇ ಬಿಗಿ ಮಾಡಿದೆ. ಪಾಲಿಶ್ ಚಕ್ರಕ್ಕೆ ಹೊಸ ಬಟ್ಟೆ ಹಾಕಿದ್ದೇನೆ. ರಿಟೈರ್ಡ್ ಹೆಡ್‌ಮಾಸ್ಟರು ಮೊನ್ನೆ ಬಂದಿದ್ದರು, ಅವರ ಮೇಲಿನ ಸೆಟ್ಟಿನಿಂದ ಮುಂದಿನ ಹಲ್ಲೊಂದು ಎದ್ದು ಬಂದಿದೆ. ಅದನ್ನು ಜೇಬಿನಿಂದ ತೆಗೆದು, ಟಿಕೆಟ್ ತೋರಿಸುವವರ ಹಾಗೆ ಅಂಗೈಯಲ್ಲಿಟ್ಟು ತೋರಿಸಿದರು. ನೀನಿಲ್ಲ ಎಂದಾಗ ಅವರ ಮುಖ ಇಷ್ಟು ಚಿಕ್ಕದಾಯಿತು. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದರು. ಮಗನ ಹತ್ತಿರ ಹಲ್ಲು ನೆಡಿಸಿಕೊಳ್ಳಲು ಹೋಗಿದ್ದಾರೆ ಎಂದೆ. ಅವರು, ಊರಿಗೆಲ್ಲ ಹಲ್ಲು ಕಟ್ಟಿದವರೇ ಬೇರೆ ಕಡೆ ಹೋದರೆ ನಮ್ಮ ಗತಿ ಏನು ಎಂದರು. ನಾನು ನಕ್ಕೆ. ಆದರೆ ಆ ಮಾತು ನನ್ನೊಳಗೆ ಹೋಗಿ ಕೂತಿತು, ಇನ್ನೂ ಎದ್ದಿಲ್ಲ. ಇದೇ ಬೀದಿಯಲ್ಲಿ ಮೂವತ್ತೆಂಟು ವರ್ಷ ಪ್ಲಾಸ್ಟರು ಕಲಸಿ, ಮೇಣ ಕಾಯಿಸಿ, ಎಷ್ಟು ಬಾಯಿಗಳನ್ನು ತುಂಬಿಸಿದ ಮನುಷ್ಯ ನೀನು. ನಿನ್ನ ಬಾಯಿಯೇ ಈಗ ಬೇರೆಯವರ ಕೈಗೆ ಹೋಯಿತು.

ಹೌದು, ನನಗೆ ಹೊಟ್ಟೆಕಿಚ್ಚು. ಬರೆದೇಬಿಟ್ಟೆ. ಸುತ್ತಿ ಬಳಸಿ ಬರೆಯುವುದಕ್ಕಿಂತ ಇದೇ ವಾಸಿ. ನಿನ್ನ ಅಳಿಯನಿಗೂ ಗೊತ್ತು. ಮೊನ್ನೆ ಬಸ್ಸಿನ ಡ್ಯೂಟಿ ಮುಗಿಸಿ ಬಂದವರು ನನ್ನನ್ನು ಒಂದು ಸಲ ನೋಡಿ, "ನಿನ್ನ ಮುಖ ನೋಡಿದ್ರೆ ಟೈಟಾನಿಯಮ್ಮಿಗೂ ತುಕ್ಕು ಹಿಡಿಯತ್ತೆ ಕಣೇ" ಎಂದರು. ಅವರಿಗೆ ತಮಾಷೆ. ತಮ್ಮ ಚಿಕ್ಕವನಿದ್ದಾಗ ಇದೇ ವರ್ಕ್‌ಶಾಪಿನಲ್ಲಿ ಕೂತು ಗಿರಾಕಿಗಳ ದವಡೆಯ ಪ್ಲಾಸ್ಟರು ಅಚ್ಚುಗಳ ಹಲ್ಲು ಎಣಿಸುತ್ತಿದ್ದ, ನೆನಪಿದೆಯೇ? ಒಂದು ಹಲ್ಲು ಹೆಚ್ಚು ಕಡಿಮೆ ಎಣಿಸಿದರೂ ನೀನು ಅವನನ್ನು ಎತ್ತಿಕೊಂಡು, ನಮ್ಮ ಪುಟ್ಟ ಡಾಕ್ಟರು ಎನ್ನುತ್ತಿದ್ದೆ. ನಾನು ಮೂಲೆಯಲ್ಲಿ ರಬ್ಬರು ಬಟ್ಟಲು ಹಿಡಿದು ಪ್ಲಾಸ್ಟರು ಕಲಸುತ್ತಿದ್ದೆ. ಗುಳ್ಳೆ ಏಳದ ಹಾಗೆ ಕಲಸು ಎನ್ನುತ್ತಿದ್ದೆ ನನಗೆ. ಅವನಿಗೆ ಬಿರುದು, ನನಗೆ ಗುಳ್ಳೆ. ಅವನು ಓದಿ ನಿಜವಾಗಿಯೂ ಡಾಕ್ಟರಾದ. ನಾನು ನಿನ್ನ ಹತ್ತಿರವೇ ಉಳಿದು ನಿನ್ನ ಕೆಲಸ ಕಲಿತೆ. ಇಷ್ಟು ವರ್ಷ ಅದರಲ್ಲಿ ನನಗೊಂದು ಸಮಾಧಾನವಿತ್ತು. ಅವನ ಹತ್ತಿರ ಬೋರ್ಡಿದೆ, ಏಸಿ ಇದೆ, ಮೇಲೆ ಕೆಳಗೆ ಹೋಗುವ ಕುರ್ಚಿ ಇದೆ. ಆದರೆ ಅಪ್ಪನ ಬಾಯಲ್ಲಿರುವುದು ನಾನು ಮಾಡಿದ ಹಲ್ಲು ಎಂದು. ನೀನು ನಕ್ಕಾಗ ಕಾಣುತ್ತಿದ್ದ ಕೆಳಗಿನ ಸಾಲು ನನ್ನದು. ಅದೊಂದು ನನ್ನದಾಗಿತ್ತು.

ಮೊನ್ನೆ ತಮ್ಮ ಫೋನಿನಲ್ಲಿ ಅರ್ಧ ಗಂಟೆ ಪಾಠ ಮಾಡಿದ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಇಂಪ್ಲಾಂಟ್ ಎಂದರೆ ಬೇರು ಅಕ್ಕಾ, ಹಲ್ಲಲ್ಲ ಎಂದ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡು ಬಿಡಿಸಿ, ದವಡೆಯ ಎಲುಬಿನಲ್ಲಿ ಹದವಾಗಿ ತೂತು ಕೊರೆದು, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದದ ತಿರುಪನ್ನು ಕೂರಿಸುತ್ತಾರಂತೆ. ನಿನಗೆ ಹಾಗೆ ನಾಲ್ಕು, ಎಲ್ಲವೂ ಮುಂಭಾಗದಲ್ಲಿ. ಆಮೇಲೆ ಯಾರೂ ಏನೂ ಮಾಡುವುದಿಲ್ಲವಂತೆ, ಕಾಯುವುದೇ ಕೆಲಸ. ಮೂರು ನಾಲ್ಕು ತಿಂಗಳಲ್ಲಿ ಎಲುಬು ತಾನಾಗಿ ಬೆಳೆದು ಆ ಲೋಹದ ಮೈಗೆ ಅಂಟಿಕೊಳ್ಳುತ್ತದಂತೆ, ಎಳೆದರೂ ಬರದಷ್ಟು. ಬೇರೆ ಏನೇ ಹೊರಗಿನದು ಒಳಗೆ ಹೋದರೂ ಮೈ ಹೊರಗೆ ತಳ್ಳಲು ನೋಡುತ್ತದೆ, ಟೈಟಾನಿಯಮ್ಮನ್ನು ಮಾತ್ರ ತನ್ನದೇ ಎಂದುಕೊಳ್ಳುತ್ತದೆ ಎಂದ. ಆಮೇಲೆ ಅದರ ಮೇಲೊಂದು ಕಂಬ, ಕಂಬಗಳ ಮೇಲೆ ಹಲ್ಲಿನ ಸಾಲು, ಬಿಗಿಯುವುದಕ್ಕೆ ಪುಟಾಣಿ ತಿರುಪುಗಳು. ಬೇರು ಇದ್ದರೆ ಎಲುಬಿಗೆ ಕೆಲಸ ಇರುತ್ತದೆ, ಕೆಲಸ ಇದ್ದರೆ ಕರಗುವುದಿಲ್ಲ, ಸೆಟ್ಟಿನ ಕೆಳಗೆ ಎಲುಬು ಸುಮ್ಮನೆ ಒತ್ತಡ ತಿಂದು ತಿಂದು ಸವೆಯುತ್ತದೆ ಎಂದೂ ಸೇರಿಸಿದ. ಅವನು ಹೇಳಿದ್ದೆಲ್ಲ ಸರಿಯೇ. ಅದೇ ನನಗೆ ಸಿಟ್ಟು. ತಪ್ಪು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ತಿರುಪುಗಳ ಮೇಲೂ ನನಗೆ ಹೊಟ್ಟೆಯುರಿ ಎಂದರೆ ನೀನು ನಗುತ್ತೀಯ. ನಗು. ಎಲ್ಲಿಂದಲೋ ಡಬ್ಬಿಯಲ್ಲಿ ಬಂದ ನಾಲ್ಕು ಲೋಹದ ಚೂರುಗಳನ್ನು ನಿನ್ನ ಮೈ ಮೂರೂವರೆ ತಿಂಗಳಲ್ಲಿ ತನ್ನವೆಂದು ಒಪ್ಪಿಕೊಂಡಿತು. ನಾನು ಮಾಡಿದ ಸೆಟ್ಟು ಆರು ವರ್ಷ ನಿನ್ನ ಬಾಯಲ್ಲಿದ್ದರೂ ದಿನಾ ಮಲಗುವ ಮೊದಲು ಹೊರಗೆ ಬಂದು ಬಟ್ಟಲಿನಲ್ಲಿ ಕೂರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಆ ಬಟ್ಟಲನ್ನು ನಲ್ಲಿಗೆ ಒಯ್ದು, ಮೆತ್ತನೆ ಬ್ರಷ್ಷಿನಿಂದ ಸೆಟ್ಟನ್ನು ತಿಕ್ಕಿ, ಹೊಸ ನೀರು ಹಾಕಿ ನಿನ್ನ ಹಾಸಿಗೆಯ ಪಕ್ಕದಲ್ಲಿಡುವುದು. ಅಮ್ಮ ಹೋದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಸೋಪು ಹಾಕಬೇಡ, ಬಿಸಿನೀರು ಹಾಕಬೇಡ ಎಂದು ಮಂಚದಿಂದಲೇ ನೀನು ಕೂಗುತ್ತಿದ್ದೆ, ನನಗೆ ಗೊತ್ತೇ ಇಲ್ಲವೇನೋ ಎನ್ನುವ ಹಾಗೆ. ಈಗ ಬರುವ ಹಲ್ಲು ಬಾಯಲ್ಲೇ ಇರುತ್ತದಂತೆ. ಬಟ್ಟಲು ಬೇಡ, ನಾನೂ ಬೇಡ. ಆ ಬಟ್ಟಲನ್ನು ಬೋರಲು ಹಾಕಿಟ್ಟಿದ್ದೇನೆ. ನಿನ್ನೆ ನಿನ್ನ ಅಳಿಯ ಅದರಲ್ಲಿ ಮೊಳೆ ಹಾಕಿಡಲು ಹೊರಟಿದ್ದರು, ಕಿತ್ತುಕೊಂಡೆ.

ಇನ್ನು ತಮ್ಮನ ದೊಡ್ಡಸ್ತಿಕೆಯ ಮಾತಿಗೆ ಬರುತ್ತೇನೆ. ನವೆಂಬರಿನಲ್ಲಿ ನೀನು ಒಂದು ವಾರಕ್ಕೆಂದು ಹೋದವನು. ಮೂರನೇ ದಿನ ಅವನ ಫೋನು ಬಂತು. ಕುರ್ಚಿಯಲ್ಲಿ ಕೂರಿಸಿ, ಬಾಯೊಳಗೆ ದೀಪ ಬಿಟ್ಟು, ಎಕ್ಸ್‌ರೇ ತೆಗೆದು, ನನ್ನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಫೋನು ಮಾಡಿದ್ದನಂತೆ. "ಅಕ್ಕಾ, ಇದು ಕೂತೇ ಇಲ್ಲ. ಅಲ್ಲಾಡಿ ಅಲ್ಲಾಡಿ ಹಿಂದಗಡೆ ಎಲುಬನ್ನೇ ತಿಂದುಬಿಟ್ಟಿದೆ. ಇಷ್ಟು ವರ್ಷ ಅಪ್ಪ ಹೇಗೆ ತಡಕೊಂಡ್ರು?" ಎಂದ. ಎಡಗಡೆ ಒಸಡಿನ ಮೇಲೆ ವಾಸಿಯಾಗದ ಗಾಯವಿದೆ ಎಂದ. ನನ್ನ ಮೈಯೆಲ್ಲ ಉರಿಯಿತು. ಓದಿದವನೆಂದು ಏನು ಬೇಕಾದರೂ ಹೇಳಬಹುದೇ? ಯಾವ ಸೆಟ್ಟಿನ ಕೆಳಗಾದರೂ ಎಲುಬು ಸವೆಯುತ್ತದೆ, ನೀನೇ ಹೇಳುತ್ತೀಯಲ್ಲ ಎಂದೆ. ಇಷ್ಟು ಸವೆಯಲ್ಲ ಎಂದ. ಅಪ್ಪ ಒಂದು ದಿನವೂ ನೋವು ಎಂದಿಲ್ಲ ಎಂದೆ. ಅದೇ ನನಗೂ ಅರ್ಥವಾಗುತ್ತಿಲ್ಲ ಎಂದ. ಫೋನು ಇಟ್ಟೆ. ಅವತ್ತಿನಿಂದ ಅವನ ಜೊತೆ ನನ್ನ ಮಾತು ಎಷ್ಟು ಬೇಕೋ ಅಷ್ಟೇ.

ನಿನ್ನ ಸರ್ಟಿಫಿಕೇಟು ನನ್ನ ಹತ್ತಿರವಿದೆಯಲ್ಲ. ಆರು ವರ್ಷದ ಹಿಂದೆ, ನಾನು ಸೆಟ್ಟು ಮುಗಿಸಿಕೊಟ್ಟ ಶನಿವಾರ ಬೆಳಿಗ್ಗೆ, ನೀನು ಅದನ್ನು ಬಾಯಿಗಿಟ್ಟು, ಎರಡು ಸಲ ಕಟಕಟ ಎನ್ನಿಸಿ, ಕನ್ನಡಿ ನೋಡಿ, "ಬಾಯಲ್ಲೇ ಹುಟ್ಟಿದ ಹಾಗಿದೆ ಕಣಮ್ಮ" ಎಂದೆ. ಮೂವತ್ತೆಂಟು ವರ್ಷದಲ್ಲಿ ಆ ಮಾತನ್ನು ಬೇರೆ ಯಾರ ಕೆಲಸಕ್ಕೂ ನೀನು ಹೇಳಿದ್ದು ನಾನು ಕೇಳಿಲ್ಲ. ಹೊಸ ಸೆಟ್ಟು ಹಾಕಿಕೊಂಡವರಿಗೆಲ್ಲ ನೀನು ಕೊಡುವ ಪರೀಕ್ಷೆ ಇದೆಯಲ್ಲ, ಸೊಸೆ ಸಾಸಿವೆ ಸೋಸಿದಳು ಎಂದು ಮೂರು ಸಲ ಹೇಳಿಸುವುದು. ಶಿಳ್ಳೆ ಬಂದರೆ, ತೊದಲಿದರೆ, ಸೆಟ್ಟು ವಾಪಸು ಮೇಜಿಗೆ. ಆ ವಾಕ್ಯದಲ್ಲೂ ಸೊಸೆಗೇ ಜಾಗ ಕೊಟ್ಟಿದ್ದೀಯ, ಇರಲಿ. ಹೆಡ್‌ಮಾಸ್ಟರಂಥ ಹೆಡ್‌ಮಾಸ್ಟರು ಹದಿನೇಳು ಸಲ ಸಾಸಿವೆ ಸೋಸಿದ್ದರು. ನನ್ನ ಸೆಟ್ಟಿಗೆ ಆ ಪರೀಕ್ಷೆಯನ್ನೂ ಮಾಡಿಕೊಳ್ಳದೆ ನೀನು ಬ್ಯಾಗು ಹಿಡಿದು ಹೊರಟೆ. ಅಷ್ಟು ನಂಬಿಕೆ ನನ್ನ ಕೈಯ ಮೇಲೆ. ಇದನ್ನು ತಮ್ಮನಿಗೂ ಹೇಳಿದೆ. ಅವನು ಹೂಂ ಎಂದ.

ಆದರೂ ಅಪ್ಪಾ, ಇಷ್ಟು ಬರೆದ ಮೇಲೆ ಒಂದು ವಿಷಯ ಬಚ್ಚಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ. ನಿನಗೆ ಗೊತ್ತಿಲ್ಲದ ವಿಷಯ. ಆ ಸೆಟ್ಟನ್ನು ನಾನು ಹೊಸ ಅಚ್ಚಿನ ಮೇಲೆ ಮಾಡಲಿಲ್ಲ. ನೀನೇ ಮಾಡಿಕೊಂಡಿದ್ದ ನಿನ್ನ ಮೊದಲ ಸೆಟ್ಟು ಸಿಂಕಿಗೆ ಬಿದ್ದು ಮೂರು ಹೋಳಾದಾಗ, ಈ ಸಲ ನನ್ನ ಹಲ್ಲು ನೀನೇ ಮಾಡು ಎಂದೆಯಲ್ಲ, ಅವತ್ತು ನನಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ನಿನ್ನ ಬಾಯಿಗೆ ಅಳತೆಯ ಹಿಟ್ಟು ತುಂಬಿದೆ, ನಿನಗೆ ವಾಂತಿ ಬಂದ ಹಾಗಾಗಿ ಕಣ್ಣಲ್ಲೆಲ್ಲ ನೀರು. ಇನ್ನೊಂದು ಸಲ ಇದನ್ನ ಬಾಯಿಗೆ ಹಾಕಬೇಡಮ್ಮ ಎಂದೆ. ಅಚ್ಚು ಒಂದು ಗುಳ್ಳೆಯಿಲ್ಲದೆ ಚೆನ್ನಾಗಿ ಬಂತು. ತಳದಲ್ಲಿ ಪೆನ್ಸಿಲಿನಿಂದ ತಾರೀಖು ಹಾಕಿದೆ. ಅದೇ ದಿನ, ಗುರುವಾರ, ತಮ್ಮನ ಫೋನು ಬಂತು, ಕ್ಲಿನಿಕ್ ಶುರುವಾಗುವುದು ಶನಿವಾರವೇ, ಅಪ್ಪ ಬಂದೇ ಬರಬೇಕು, ರಿಬ್ಬನ್ ಅವರೇ ಕತ್ತರಿಸಬೇಕು ಎಂದು. ನೀನು ಫೋನಿನಲ್ಲಿ ಪುಟ್ಟ ಡಾಕ್ಟರೇ ಎಂದು ಕರೆದು ಅತ್ತುಬಿಟ್ಟೆ. ನನ್ನ ಮದುವೆಯಲ್ಲೂ ಅಳದವನು. ಆಮೇಲೆ ನನ್ನ ಕಡೆ ತಿರುಗಿ, ಶನಿವಾರದೊಳಗೆ ಸೆಟ್ಟು ಮುಗಿಸಿಕೊಡು, ಬೋಳುಬಾಯಿಯಲ್ಲಿ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಾರೆ ಎಂದು ಹೇಳಿ ಟಿಕೆಟ್ಟಿಗೆ ಹೋದೆ.

ಕೈಜಾರಿ ಅಚ್ಚು ಬಿತ್ತು ಎಂದು ಬರೆಯಲು ಹೊರಟಿದ್ದೆ. ಜಾರಲಿಲ್ಲ. ಮೇಜಿನ ಮೇಲೆ ಕುಕ್ಕಿದೆ. ಅವನ ರಿಬ್ಬನ್ನಿಗಾಗಿ ನನ್ನ ಕೆಲಸ ಓಡಬೇಕೇ ಎನ್ನುವ ಸಿಟ್ಟು. ಅಚ್ಚು ಚೂರುಚೂರಾಯಿತು. ಗೋರಿಕೊಂಡು ಕಸದ ಡಬ್ಬಕ್ಕೆ ಹಾಕಿ ಮೇಲೆ ಹಳೇ ಪೇಪರು ಮುಚ್ಚಿದೆ. ಮತ್ತೆ ಅಳತೆ ಕೊಡು ಎನ್ನಲು ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಅಚ್ಚುಗಳನ್ನು ವರ್ಷಕ್ಕಿಂತ ಹೆಚ್ಚು ಇಡಬಾರದು, ದವಡೆ ಬದಲಾಗುತ್ತದೆ, ಒಡೆದುಹಾಕು ಎನ್ನುವುದು ನಿನ್ನ ನಿಯಮ. ಆದರೆ ನಿನ್ನ ಮೊದಲ ಸೆಟ್ಟಿನ ಅಚ್ಚನ್ನು ನಾನು ಒಡೆದಿರಲಿಲ್ಲ. ನನ್ನ ಬೀರುವಿನಲ್ಲಿ ಸೀರೆಯೊಂದರ ಮಡಿಕೆಯಲ್ಲಿ ಇಟ್ಟಿದ್ದೆ, ನಾಲ್ಕು ವರ್ಷದಿಂದ. ಜನ ಅಪ್ಪಂದಿರ ಫೋಟೋ ಇಡುತ್ತಾರೆ, ನಾನು ದವಡೆ ಇಟ್ಟಿದ್ದೆ. ಅದನ್ನು ತೆಗೆದು ಅದರ ಮೇಲೇ ಹಲ್ಲು ಜೋಡಿಸಿದೆ. ಮೇಣದಲ್ಲಿ ಒಂದು ಸಲ ಬಾಯಿಗಿಟ್ಟು ನೋಡುವುದಕ್ಕೂ ಹೊತ್ತಿಲ್ಲ ಎಂದುಬಿಟ್ಟೆ, ನೀನೂ ಸರಿ ಎಂದೆ. ಅದೇ ಬಾಯಿ, ಅದೇ ಅಪ್ಪ, ನಾಲ್ಕು ವರ್ಷದಲ್ಲಿ ಏನು ಮಹಾ ಬದಲಾಗಿರುತ್ತದೆ ಎಂದುಕೊಂಡೆ. ಶನಿವಾರ ನೀನು ಬಾಯಲ್ಲೇ ಹುಟ್ಟಿದ ಹಾಗಿದೆ ಎಂದಾಗ ಎದೆಯ ಭಾರ ಇಳಿಯಿತು. ನೋಡು, ಏನೂ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲಾಮೇಲೆ ನೀನು ಬ್ರೆಡ್ಡನ್ನು ಟೀಗೆ ಅದ್ದಿ ತಿನ್ನತೊಡಗಿದ್ದು, ಸೇಬನ್ನು ಎಲೆಯಷ್ಟು ತೆಳ್ಳಗೆ ಹೆಚ್ಚಿಸಿಕೊಂಡಿದ್ದು, ನಮ್ಮ ಜೊತೆ ಊಟಕ್ಕೆ ಕೂರದೆ ಕೆಲಸವಿದೆ ಎಂದು ವರ್ಕ್‌ಶಾಪಿಗೆ ತಟ್ಟೆ ತರಿಸಿಕೊಂಡಿದ್ದು, ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿದೆ. ಸರಿಯಿಲ್ಲದಿದ್ದರೆ ನೀನು ಹೇಳುತ್ತಿದ್ದೆ. ಹೆಡ್‌ಮಾಸ್ಟರನ್ನೇ ಬಿಡದವನು ನನ್ನನ್ನು ಬಿಡುತ್ತಿದ್ದೆಯಾ? ಬಯ್ಯಬೇಕೆನಿಸಿದರೆ ಈಗ ಬಯ್ಯಿ. ಆದರೆ ಅವನ ಮುಂದೆ ಮಾತ್ರ ಹೇಳಬೇಡ.

ಈಗ ಪಾರ್ಸಲ್ಲಿನ ವಿಷಯ. ತಮ್ಮ ಕಳಿಸಿದ್ದು ಸೋಮವಾರ ಬಂತು. ಒಳಗೆ ನಿನ್ನ ದವಡೆಯ ಹೊಸ ಅಚ್ಚು, ನಾಲ್ಕು ಕಡೆ ಲೋಹದ ತಲೆಗಳು ಹೊಳೆಯುತ್ತಿವೆ. ಅವುಗಳ ಮೇಲೆ ಕೂರುವ ಲೋಹದ ಪಟ್ಟಿಯನ್ನೂ ಯಂತ್ರದಲ್ಲಿ ಕೊರೆಸಿ ಕಳಿಸಿದ್ದಾನೆ. ಪಟ್ಟಿಯ ಮೇಲೆ ಹಲ್ಲು ಜೋಡಿಸಿ, ಒಸಡಿನ ಬಣ್ಣ ಕಟ್ಟಿ ಕೊಡುವುದೊಂದೇ ಬಾಕಿ. ಜೊತೆಗೊಂದು ಚೀಟಿ: "ಅಕ್ಕಾ, ಹಲ್ಲು ನೀನೇ ಮಾಡ್ಬೇಕಂತೆ. ಬೇರೆ ಯಾರು ಮಾಡಿದ್ರೂ ಹಾಕ್ಕೊಳ್ಳಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರೆ." ಪಟ್ಟಿಯನ್ನು ಕೂರಿಸಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬೆರಳಿನಿಂದ ಹಿಂದೆ ಒತ್ತಿದೆ, ಮುಂದೆ ಒತ್ತಿದೆ, ಉಗುರು ಕೊಟ್ಟು ಎತ್ತಲು ನೋಡಿದೆ. ನನ್ನ ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಏನೂ ಹಾಗೆ ಕೂತಿಲ್ಲ. ಅದನ್ನು ನೋಡಿ ಖುಷಿಯಾಗಬೇಕಿತ್ತು, ಕಣ್ಣಲ್ಲಿ ನೀರು ಬಂತು, ಅದೂ ಸಿಟ್ಟಿನ ನೀರು.

ನಾನು ಇದನ್ನು ಮಾಡುವುದಿಲ್ಲ ಅಪ್ಪಾ. ಬೇರು ಅವನದು, ಕಂಬ ಅವನದು, ಪಟ್ಟಿ ಯಾವುದೋ ಯಂತ್ರದ್ದು. ಕೊನೆಯಲ್ಲಿ ಪಾಪ, ಅಕ್ಕನಿಗೂ ಏನಾದರೂ ಇರಲಿ ಎಂದು ಬಣ್ಣ ಬಳಿಯುವ ಕೆಲಸವನ್ನು ನೀವಿಬ್ಬರೂ ಕೂತು ನನಗೆ ಉಳಿಸಿದ್ದೀರಿ. ಹಟ ಹಿಡಿದೆಯೆಂದು ಅವನು ಬರೆದಿರುವುದೂ ನನ್ನನ್ನು ಸಮಾಧಾನ ಮಾಡುವುದಕ್ಕೇ ಇರಬೇಕು. ನನ್ನ ಸೆಟ್ಟನ್ನು ಕೈಯಲ್ಲಿ ಹಿಡಿದು ಕೂತಿಲ್ಲ ಎಂದವನಿಗೆ ನನ್ನ ಹಲ್ಲು ಯಾಕೆ ಬೇಕು? ಅವನ ಊರಿನಲ್ಲಿ ದೊಡ್ಡ ದೊಡ್ಡ ಲ್ಯಾಬುಗಳಿವೆ, ಕಂಪ್ಯೂಟರಿನಲ್ಲಿ ಹಲ್ಲು ಬರೆದು ಯಂತ್ರದಲ್ಲಿ ಕೆತ್ತಿಸುತ್ತಾರೆ, ಮುತ್ತಿನ ಹಾಗೆ ಬರುತ್ತವೆ. ಮಾಡಿಸಿಕೊಳ್ಳಲಿ. ಪಾರ್ಸಲ್ಲನ್ನು ಈ ಕಾಗದದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ, ಸುತ್ತಿ ಇಟ್ಟಾಗಿದೆ, ಗಟ್ಟಿ ದಾರವೊಂದು ಸಿಕ್ಕಿದರೆ ಕಟ್ಟಿ ಮುಗಿಸುತ್ತೇನೆ. ನಿನ್ನ ಅಳಿಯ ಮಧ್ಯಾಹ್ನದ ಟ್ರಿಪ್ಪಿಗೆ ಹೋಗುವಾಗ ಕೊರಿಯರಿಗೆ ಹಾಕುತ್ತಾರೆ. ಹಲ್ಲು ಕೂರಿಸಿಕೊಂಡು ನೀನು ಚೆನ್ನಾಗಿ ತಿಂದುಂಡು ಬಂದರೆ ನನಗೆ ಅಷ್ಟೇ ಸಾಕು ಎಂದು ಬರೆಯಬೇಕು, ಆ ಮಾತು ಇನ್ನೂ ಬರುತ್ತಿಲ್ಲ. ಬಂದಾಗ ಬರೆಯುತ್ತೇನೆ.

ಮೊಮ್ಮಗಳಿಗೆ ನನ್ನ ಮುತ್ತು ಕೊಡು, ಅವಳ ಮೇಲೆ ನನಗೇನೂ ಇಲ್ಲ. ನಿನ್ನ ಸೊಸೆಗೆ ಬಲಮಂಡಿಯ ವಿಷಯ ಹೇಳು. ತಮ್ಮನಿಗೆ ಅಕ್ಕ ಕೇಳಿದಳು ಎಂದರೆ ಸಾಕು. ಬಿಸಿಲಿಗೆ ಟೋಪಿಯಿಲ್ಲದೆ ಹೋಗಬೇಡ. ನಿನ್ನ ಅಳಿಯ ನಮಸ್ಕಾರ ಹೇಳಿದ್ದಾರೆ.

ನಿನ್ನ ಪಾದಕ್ಕೆ ಬಿದ್ದು, ಬಿದ್ದಲ್ಲಿಂದಲೇ ಮುನಿಸಿಕೊಂಡಿರುವ,
ನಿನ್ನ ಮಗಳು

ಮತ್ತೆ: ಅಪ್ಪಾ, ಅವಸರದಲ್ಲಿ ಬರೆಯುತ್ತಿದ್ದೇನೆ, ನಿನ್ನ ಅಳಿಯ ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದಾರೆ. ಪಾರ್ಸಲ್ ಕಟ್ಟಲು ದಾರ ಹುಡುಕುತ್ತಾ ನಿನ್ನ ಮೇಜಿನ ಕೆಳಗಿನ ಡ್ರಾಯರು ತೆಗೆದೆ. ನಾನು ಯಾವತ್ತೂ ತೆಗೆಯದ ಡ್ರಾಯರು. ಹಿಂದುಗಡೆ ಹಳೇ ಮೇಣದ ಡಬ್ಬಿ ಇತ್ತು. ಅದರಲ್ಲಿ ಸೆಟ್ಟು ಅಂಟಿಸುವ ಪೇಸ್ಟಿನ ಟ್ಯೂಬುಗಳು, ಕೊನೆಯವರೆಗೂ ಹಿಂಡಿ ಸುರುಳಿ ಸುತ್ತಿದವು, ಡಬ್ಬಿ ತುಂಬ. ಒಳ್ಳೇ ಸೆಟ್ಟಿಗೆ ಇದು ಬೇಕಾಗಲ್ಲ, ಕಳ್ಳಕೆಲಸದವರಿಗೆ ಬೇಕು ಎಂದು ನೀನು ಅಂಗಡಿಯಲ್ಲೇ ಇಡದ ಪೇಸ್ಟು. ಅವುಗಳ ಕೆಳಗೆ ನಿನ್ನ ಕರ್ಚೀಫಿನಲ್ಲಿ ಸುತ್ತಿದ ಅಚ್ಚು. ನಾನು ಕುಕ್ಕಿದ ಅಚ್ಚು. ಒಂಬತ್ತು ಚೂರು ಎಣಿಸಿದೆ. ಒಂದೊಂದನ್ನೂ ಕಸದ ಡಬ್ಬದಿಂದ ಹುಡುಕಿ ಅಂಟಿಸಿದ್ದೀಯ, ಸಿಗದೆ ಉಳಿದ ಎಡಗಡೆಯ ತುದಿಯನ್ನು ಮೇಣದಿಂದ ತುಂಬಿದ್ದೀಯ. ತಳದಲ್ಲಿ ನನ್ನ ಕೈಬರಹದ ಗುರುವಾರದ ತಾರೀಖು. ಅದರ ಕೆಳಗೆ ನಿನ್ನ ಕೈಬರಹದಲ್ಲಿ ಶುಕ್ರವಾರದ್ದು.

ನಾನು ಸೆಟ್ಟು ಕೊಟ್ಟಿದ್ದು ಶನಿವಾರ. ಬಾಯಿಗಿಡುವ ಮೊದಲೇ ನಿನಗೆ ಗೊತ್ತಿತ್ತು. ಅದಕ್ಕೇ ನೀನು ಅವತ್ತು ಸಾಸಿವೆ ಸೋಸಲಿಲ್ಲ.

ಆರು ವರ್ಷ ಅಪ್ಪಾ. ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಹೇಳುವ ಉತ್ತರ ತಡೆದುಕೊಳ್ಳಲು ಆಗುವುದಿಲ್ಲ.

ಪಾರ್ಸಲ್ ಬರುವುದಿಲ್ಲ, ಈ ಕಾಗದ ಮಾತ್ರ ಬರುತ್ತದೆ. ತಮ್ಮ ಕಳಿಸಿದ ಹೊಸ ಅಚ್ಚನ್ನು ಆಗಲೇ ಬಿಚ್ಚಿ ಮೇಜಿನ ಮೇಲಿಟ್ಟಿದ್ದೇನೆ, ಎರಡೂ ಕೈಯಲ್ಲಿ ಹಿಡಿದು. ತಮ್ಮನಿಗೆ ಹೇಳು, ಹತ್ತು ದಿನ ಬೇಕು, ಮೊದಲು ಮೇಣದಲ್ಲಿ ಹಾಕಿ ನೋಡದೆ ಮುಗಿಸುವುದಿಲ್ಲ, ಮೇಣದ ಸಾಲನ್ನು ನಾನೇ ಹಿಡಿದುಕೊಂಡು ಬರುತ್ತೇನೆ, ಕೊರಿಯರಿಗೆ ಕೊಡುವುದಿಲ್ಲ. ಅವನು ಹೇಳಿದ್ದು ಸರಿಯಿತ್ತು, ಆ ಸೆಟ್ಟು ಕೂತಿರಲಿಲ್ಲ ಎಂದೂ ಹೇಳು. ಬೇಡ, ಅದನ್ನು ನಾನೇ ಹೇಳುತ್ತೇನೆ. ನೀನು ಇನ್ನೊಂದು ಮಾಡಬೇಕು. ನಾನು ಬಂದ ದಿನ ಕನ್ನಡಿ ನೋಡುವ ಮೊದಲು, ನನ್ನ ಮುಂದೆ ಕೂತು, ಅವರೆಲ್ಲರ ಎದುರಿಗೆ ಜೋರಾಗಿ, ಸೊಸೆ ಸಾಸಿವೆ ಸೋಸಿದಳು ಎಂದು ಮೂರು ಸಲ ಹೇಳು. ತೊದಲಿದರೆ ತೊದಲು. ಎಲ್ಲಾದರೂ ಒತ್ತಿದರೆ ಒತ್ತುತ್ತದೆ ಅನ್ನು, ಅಪ್ಪಾ.